ಗಿಡಕ್ಕೆ ನೀರೇ ಯಾಕೆ? ತೂಗಿ ನೋಡಿದ ವಾನ್ ಹೆಲ್ಮಾಂಟ್

ಬಾಯ್ನಾದ ಕಡಲಲ್ಲಿ ಅಷ್ಟೊಂದು ನೀರಿರುವಾಗ ತುಳಸಿಗೆ ನಳದ ನೀರೇ ಯಾಕೆ? ಹಾಲು, ಎಣ್ಣೆ ಹಾಕಿದರೆ ಆಗದೇ? ಪೋಷಕರೇ, ನಿಮ್ಮ ಮಗು ಹೀಗೆ ಕೇಳಿದರೆ ಗದರಿಸಿ ಸುಮ್ಮನಾಗಿಸಬೇಡಿ. ಇಂಥದೇ ಪ್ರಶ್ನೆ ಹಿಡಿದು ಐದು ವರ್ಷ ಕಾದವರ ಕಥೆ ಹೇಳಿ.

ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಸುಮಾರು 1580ರಲ್ಲಿ ಈಗಿನ ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ ಹುಟ್ಟಿದರು. ಓದಿ ವೈದ್ಯರಾದರು. ಗಿಡ ಮಣ್ಣನ್ನೇ ತಿಂದು ಬೆಳೆಯುತ್ತದೆ ಎಂದು ಆಗ ನಂಬಿದ್ದರು. ಅವರು 200 ಪೌಂಡ್ ಒಣ ಮಣ್ಣನ್ನು ಕುಂಡಕ್ಕೆ ತುಂಬಿ, 5 ಪೌಂಡ್ ತೂಕದ ವಿಲ್ಲೋ ಸಸಿ ನೆಟ್ಟು, ಬರೀ ನೀರುಣಿಸಿದರು. ಐದು ವರ್ಷಕ್ಕೆ ಮರ ಸುಮಾರು 169 ಪೌಂಡ್ ತೂಗಿತು. ಮಣ್ಣು ಕಡಿಮೆಯಾದದ್ದು ಸುಮಾರು 2 ಔನ್ಸ್ ಮಾತ್ರ. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವರು ತೀರ್ಮಾನಿಸಿದರು.

ಅದು ಅರ್ಧ ಮಾತ್ರ ಸರಿ. ಎಲೆಯು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು, ಬಿಸಿಲಿನ ಬಲದಿಂದ ನೀರಿನೊಡನೆ ಕೂಡಿಸಿ ಸಕ್ಕರೆ ತಯಾರಿಸುತ್ತದೆ. ಸೋಜಿಗವೆಂದರೆ, ಇದ್ದಿಲು ಉರಿದಾಗ ಹೊರಡುವ ಈ ಅನಿಲವನ್ನು ಗುರುತಿಸಿದವರೂ, ನಾವು ದಿನಾ ಆಡುವ ‘ಗ್ಯಾಸ್’ ಎಂಬ ಪದವನ್ನು ಕೊಟ್ಟವರೂ ಅವರೇ. ಉತ್ತರ ಕೈಯಲ್ಲೇ ಇತ್ತು, ಮರಕ್ಕೆ ಹೊಂದಿಸಿ ನೋಡಲಿಲ್ಲ.

ಬೇರೆ ದ್ರವ ಯಾಕಾಗದು? ಮಣ್ಣಿನ ಲವಣಗಳು ನೀರಿನಲ್ಲಿ ಕರಗಿ ಬೇರಿಗೆ ಸೇರುತ್ತವೆ. ಎಲೆಯಿಂದ ನೀರು ಆವಿಯಾದಂತೆ, ಒಂದಕ್ಕೊಂದು ಅಂಟಿದ ಅದರ ಕಣಗಳು ಕೆಳಗಿನಿಂದ ಮೇಲೇರುತ್ತವೆ. ಎಣ್ಣೆಯಲ್ಲಿ ಆ ಲವಣಗಳು ಕರಗುವುದಿಲ್ಲ. ಬೇರಿಗೆ ಗಾಳಿಯೂ ತಪ್ಪುತ್ತದೆ. ಹಾಲಿನಲ್ಲಿ ಬಹುಪಾಲು ನೀರೇ ಇದ್ದರೂ ಉಳಿದದ್ದು ಮಣ್ಣಿನಲ್ಲಿ ಕೊಳೆಯುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಉಪ್ಪು ಹಚ್ಚಿದ ಮಾವಿನ ಹೋಳು ನೀರು ಬಿಡುವಂತೆ ಬೇರೂ ತನ್ನ ನೀರನ್ನು ಬಿಟ್ಟುಕೊಟ್ಟು ಗಿಡ ಬಾಡುತ್ತದೆ.

ವಾನ್ ಹೆಲ್ಮಾಂಟರ ಬದುಕು ಸುಲಭವಾಗಿರಲಿಲ್ಲ. ಅವರ ಬರಹ ಚರ್ಚಿನ ಕೋಪಕ್ಕೆ ಗುರಿಯಾಗಿ 1634ರಲ್ಲಿ ಬಂಧನ, ಬಳಿಕ ಗೃಹಬಂಧನ. 1644ರಲ್ಲಿ ತೀರಿಕೊಂಡರು. ಮರದ ಪ್ರಯೋಗವಿದ್ದ ಲ್ಯಾಟಿನ್ ಗ್ರಂಥವನ್ನು 1648ರಲ್ಲಿ ಮಗ ಅಚ್ಚು ಹಾಕಿಸಿದ. ವಿದ್ವಾಂಸರೆಲ್ಲ ಲ್ಯಾಟಿನ್ ಹಿಡಿದಿದ್ದ ಆ ಕಾಲದಲ್ಲಿ ಅವರು ತಾಯಿನುಡಿ ಡಚ್ಚಿನಲ್ಲೂ ವೈದ್ಯಗ್ರಂಥ ಬರೆದಿದ್ದರು; ಅದು 1659ರಲ್ಲಿ ಹೊರಬಂತು. ವಿಜ್ಞಾನಕ್ಕೆ ಮನೆಮಾತು ಸಾಲದು ಎಂದು ಅವರಿಗೆ ಅನ್ನಿಸಲಿಲ್ಲ. ನಿಮಗೂ ಅನ್ನಿಸದಿರಲಿ.

ಈ ಭಾನುವಾರ ಎರಡು ಡಬ್ಬಿಗಳಲ್ಲಿ ಹೆಸರುಕಾಳು ಬಿತ್ತಿಸಿ. ಒಂದಕ್ಕೆ ನಳದ ನೀರು, ಇನ್ನೊಂದಕ್ಕೆ ಕಡಲ ನೀರು. ದಿನಾ ಕಂಡದ್ದನ್ನು ಮಗು ಕನ್ನಡದಲ್ಲೇ ಬರೆದಿಡಲಿ.