ಮದ್ದಿನ ಕೊಂಬು ಮತ್ತು ಟಿಪ್ಪು ಸುಲ್ತಾನ್



ನಮ್ಮ ಮನೆಯ ಅಟ್ಟದಲ್ಲಿ ಬಿಳಿಚಿದ ಒಂದು ಎತ್ತಿನ ಕೊಂಬಿತ್ತು. ಚಿಕ್ಕವನಿದ್ದಾಗ ಮೊಳೆಯಿಂದ ಅದರ ಮೇಲೆ ನನ್ನ ಹೆಸರು ಕೆತ್ತಲು ಹೋಗಿ ಬೆರಳು ಕೊಯ್ದುಕೊಂಡಿದ್ದೆ. ಅಜ್ಜ ಬೈಯಲಿಲ್ಲ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ, ನಾನು ಗೀರಿದ ಗೆರೆಗೆ ತುಂಬಿ, ಬಟ್ಟೆಯಿಂದ ಒರೆಸಿದರು. ಮೇಲಿನ ಮಸಿ ಹೋಯಿತು, ಗೆರೆಯೊಳಗಿನದು ಉಳಿಯಿತು. ಬಂದೂಕಿನ ಮದ್ದು ತುಂಬಿಡುವ ಕೊಂಬುಗಳಿಗೂ ಹೀಗೆಯೇ ಚಿತ್ತಾರ ಕೆತ್ತಿ ಬಣ್ಣ ತುಂಬುತ್ತಿದ್ದರೆಂದು ಮುಂದೆ ಓದಿ ತಿಳಿದೆ. ಕೊಂಬು ಹಗುರ, ಒಳಗೆ ನೀರು ಇಳಿಯದು, ಕಬ್ಬಿಣದಂತೆ ಕಿಡಿ ಹಾರಿಸದು. ಮದ್ದು ಒದ್ದೆಯಾದರೆ ಬಂದೂಕು ಬರೀ ಕೋಲು.

ಆಯುಧಕ್ಕೂ ಚಿತ್ತಾರಕ್ಕೂ ಇರುವ ಈ ನಂಟು ಹುಡುಕುತ್ತಾ ಹೋದಾಗ ಸಿಕ್ಕವರು ನಮ್ಮ ಜಿಲ್ಲೆಯವರೇ ಆದ ಟಿಪ್ಪು ಸುಲ್ತಾನ್. 1750ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದರು. ತಂದೆ ಹೈದರ್ ಅಲಿ, ತಾಯಿ ಫಕ್ರುನ್ನಿಸಾ. ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನೇ ಮಗುವಿಗೆ ಇಟ್ಟರು. ತಂದೆಗೆ ಓದು ಬರಹ ಬಾರದು. ಮಗನಿಗೆ ಮಾತ್ರ ಒಳ್ಳೆಯ ಗುರುಗಳನ್ನು ನೇಮಿಸಿದರು. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡಾಗ ಯುದ್ಧ ನಡೆದೇ ಇತ್ತು.

ಆಯುಧಕ್ಕಾಗಿ ಪರರ ಮುಂದೆ ಕೈಚಾಚಬಾರದೆಂದು ಅವರು ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ ಮುಂತಾದ ಕಡೆ ಕಾರ್ಖಾನೆಗಳನ್ನು ಕಟ್ಟಿದರು. ಫ್ರಾನ್ಸಿನಿಂದಲೂ ಕುಶಲಕರ್ಮಿಗಳನ್ನು ಕರೆಸಿದರು. ಅಲ್ಲಿ ತಯಾರಾದ ಬಂದೂಕುಗಳ ನಳಿಕೆಯಲ್ಲಿ ಗೆರೆ ಕೊರೆದು ಚಿನ್ನ ಕೂರಿಸಿದ ಹುಲಿಪಟ್ಟೆ ಇರುತ್ತಿತ್ತು. ಹುಲಿಯ ಮುಖದ ಆಕಾರಕ್ಕೆ ಹೊಂದಿಸಿ ಬರೆದ ಅರಬಿ ಅಕ್ಷರಗಳೂ ಇರುತ್ತಿದ್ದವು. ಅಜ್ಜ ಮಸಿಯಿಂದ ಮಾಡಿದ್ದನ್ನೇ ಆ ಕುಶಲಕರ್ಮಿಗಳು ಚಿನ್ನದಿಂದ ಮಾಡಿದ್ದರು!

ಕಬ್ಬಿಣದ ಕೊಳವೆಯೊಳಗೆ ಮದ್ದು ತುಂಬಿದ ಮೈಸೂರಿನ ರಾಕೆಟ್‌ಗಳು ದೂರಕ್ಕೆ ಹಾರುತ್ತಿದ್ದವು. ಅವನ್ನು ಕಂಡೇ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಶ್ರೀರಂಗಪಟ್ಟಣದ ಮದ್ದಿನ ಮನೆಯೊಂದು ರೈಲು ಹಳಿಗೆ ಅಡ್ಡ ಬಂದಾಗ, 2017ರಲ್ಲಿ ಅದನ್ನು ಕೆಡವದೆ ಇಡಿಯಾಗಿ ಸುಮಾರು 130 ಮೀಟರ್ ಸರಿಸಿದರು.

ಸೋಲೂ ಬಂತು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆ ಇಡಬೇಕಾಯಿತು. 1799ರ ಮೇ 4ರಂದು ಕೋಟೆ ಬಿದ್ದಾಗ ಸುಲ್ತಾನರು ಓಡಲಿಲ್ಲ, ಹೋರಾಡುತ್ತಲೇ ಹುತಾತ್ಮರಾದರು. ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಹುಲಿಪಟ್ಟೆಯ ಬಂದೂಕುಗಳು ಹಡಗು ಹತ್ತಿದವು.

ಟಿಪ್ಪು ಎಂದೊಡನೆ ನಮ್ಮಲ್ಲಿ ವಾದ ಶುರುವಾಗುತ್ತದೆ. ಕೊಡಗಿನವರ ನೋವಿನ ನೆನಪು ಬೇರೆ, ನಮ್ಮ ಮನೆಗಳ ಅಭಿಮಾನ ಬೇರೆ. ಎರಡನ್ನೂ ಕೇಳಿಸಿಕೊಳ್ಳುವ ತಾಳ್ಮೆ ವಿದ್ಯಾರ್ಥಿಗೆ ಬೇಕು. ನಾನೂ ಮೊದಲು ಧ್ವನಿ ಏರಿಸುತ್ತಿದ್ದೆ. ಈಗ ಆ ಬಂದೂಕುಗಳ ಚಿತ್ರ ನೋಡುವಾಗ ಬೇರೆಯೇ ಯೋಚನೆ ಬರುತ್ತದೆ. ದೊರೆಯ ಹೆಸರು ನಮಗೆ ಗೊತ್ತು. ಉಳಿ ಹಿಡಿದು ದಿನಗಟ್ಟಲೆ ಬಗ್ಗಿ ಕೂತ ಕೈಗಳಲ್ಲಿ ಹೆಚ್ಚಿನವರ ಹೆಸರು ಗೊತ್ತಿಲ್ಲ. ಆ ಕೈಗಳಿಗೆ ಕೆಲಸವನ್ನೂ ಮರ್ಯಾದೆಯನ್ನೂ ಕೊಟ್ಟಿದ್ದು ಸುಲ್ತಾನರ ದೊಡ್ಡತನ ಎಂದು ನನಗನಿಸುತ್ತದೆ.

ಅಜ್ಜ ಈಗಿಲ್ಲ. ಕೊಂಬು ನನ್ನ ಓದುವ ಮೇಜಿನ ಮೇಲಿದೆ. ಅದರ ಮೇಲಿರುವುದು ನನ್ನ ಹೆಸರು, ಅದನ್ನು ಓದುವಂತೆ ಮಾಡಿದ್ದು ಅವರ ಕೈ. ಸ್ನೇಹಿತರೇ, ನಿಮ್ಮ ಮನೆಯಲ್ಲೂ ಬಡಗಿಯೋ, ಕಮ್ಮಾರರೋ, ದರ್ಜಿಯೋ ಇದ್ದರೆ ಒಂದು ಸಂಜೆ ಅವರ ಪಕ್ಕದಲ್ಲಿ ಕೂತು ಕೆಲಸ ನೋಡಿ. ಅದೂ ಒಂದು ಪಾಠವೇ.