ನಡೆದುದನ್ನೇ ತೋರಿದ ಸಾವೆದಾದಾ

ಚೆಂಬೂರೆಂದೊಡನೆ ಆರ್.ಕೆ. ಸ್ಟುಡಿಯೊವನ್ನು ನೆನೆಯುವವರು ನಮ್ಮಲ್ಲಿ ಇನ್ನೂ ಬಹುಮಂದಿ ಇರುವರು. 1948ರಲ್ಲಿ ತಲೆಯೆತ್ತಿದ ಆ ಸ್ಟುಡಿಯೊ 2017ರಲ್ಲಿ ಬೆಂಕಿಗೆ ತುತ್ತಾಗಿ, 2019ರಲ್ಲಿ ಮಾರಾಟವೂ ಆಯಿತು. ಅಲ್ಲಿ ತಯಾರಾದುವು ಕಥಾಚಿತ್ರಗಳು. ಅದಕ್ಕೂ ಅರ್ಧ ಶತಮಾನದ ಹಿಂದೆ ಇದೇ ಮುಂಬಯಿಯಲ್ಲಿ, ನಟರೂ ಕಥೆಯೂ ಇಲ್ಲದೆ, ಕಣ್ಣೆದುರು ನಡೆದುದನ್ನು ನಡೆದಂತೆಯೇ ಫಿಲ್ಮಿನಲ್ಲಿ ಹಿಡಿದ ಮಹನೀಯರೊಬ್ಬರಿದ್ದರು. ಅವರೇ ಹರಿಶ್ಚಂದ್ರ ಸಖಾರಾಮ ಭಾಟವಡೇಕರರು. ಜನರ ಬಾಯಲ್ಲಿ ಸಾವೆದಾದಾ.

1868ರಲ್ಲಿ ಜನಿಸಿದ ಅವರು ವೃತ್ತಿಯಿಂದ ಛಾಯಾಚಿತ್ರಗ್ರಾಹಕರು. ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳು ಭಾರತದಲ್ಲಿ ಪ್ರಥಮವಾಗಿ ಪ್ರದರ್ಶಿತವಾದುದು 1896ರ ಜುಲೈ 7ರಂದು, ಕಾಳಾಘೋಡಾದ ವಾಟ್ಸನ್ ಹೋಟೆಲಿನಲ್ಲಿ. (ಹೋಟೆಲ್ ಬಂಧುಗಳು ಇದನ್ನು ಮರೆಯಬಾರದು.) ಪ್ರವೇಶದರ ಒಂದು ರೂಪಾಯಿ, ಅಂದಿನ ರೂಪಾಯಿಯೆಂದರೆ ಬಡವನ ಕೈಗೆಟಕುವಂತಹುದಲ್ಲ. ಅನಂತರ ನಾವೆಲ್ಟಿ ನಾಟಕಗೃಹದಲ್ಲಿ ನಾಲ್ಕಾಣೆಯ ಸ್ಥಳವೂ ದೊರೆಯಿತು. ಈ ಹೊಸ ಬೆರಗು ಸಾವೆದಾದಾರವರನ್ನು ಸುಮ್ಮನಿರಗೊಡಲಿಲ್ಲ. ಇಪ್ಪತ್ತೊಂದು ಗಿನಿ ತೆತ್ತು ಇಂಗ್ಲೆಂಡಿನಿಂದ ಕ್ಯಾಮರಾ ತರಿಸಿಕೊಂಡರು.

1899ರಲ್ಲಿ ಹ್ಯಾಂಗಿಂಗ್ ಗಾರ್ಡನ್ನಿನಲ್ಲಿ ಪುಂಡಲೀಕದಾದಾ ಮತ್ತು ಕೃಷ್ಣ ನ್ಹಾವಿ ಎಂಬ ಜಟ್ಟಿಗಳ ಕುಸ್ತಿಯನ್ನು ಅವರು ಚಿತ್ರಿಸಿದರು. ನಟನಾದರೆ ಮತ್ತೊಮ್ಮೆ ಬೀಳೆನ್ನಬಹುದು. ಅಖಾಡದ ಜಟ್ಟಿಗೆ ಹಾಗೆನ್ನಲಾದೀತೇ? ತಪ್ಪಿದ ಪಟ್ಟು ತಪ್ಪಿಯೇ ಹೋಯಿತು. ಸೆರೆಸಿಕ್ಕಿತೋ ಇಲ್ಲವೋ ಎಂಬುದೂ ಒಡನೆ ತಿಳಿಯುವಂತಿರಲಿಲ್ಲ. ಫಿಲ್ಮು ಹಡಗೇರಿ ಲಂಡನ್ನಿಗೆ ಹೋಗಿ, ಅಲ್ಲಿ ತೊಳೆಯಲ್ಪಟ್ಟು ಮರಳಬೇಕಾಗಿತ್ತು. ಅಷ್ಟು ದಿನ ಕಾಯ್ದ ಆ ಮನುಷ್ಯನ ತಾಳ್ಮೆಯನ್ನು ನಾವು ಕ್ಯಾಮರಾದ ಬೆಲೆಗಿಂತ ಹೆಚ್ಚೆಂದೆಣಿಸುತ್ತೇವೆ.

ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದ ಪ್ರಥಮ ಭಾರತೀಯರಾದ ರ‍್ಯಾಂಗ್ಲರ್ ಪರಾಂಜಪೆಯವರು 1901ರ ಡಿಸೆಂಬರಿನಲ್ಲಿ ಮುಂಬಯಿಗೆ ಹಿಂತಿರುಗಿದಾಗ ನಡೆದ ಸ್ವಾಗತವನ್ನೂ ಸಾವೆದಾದಾ ಚಿತ್ರಿಸಿದರು. ಭಾರತದ ಮೊದಲ ವಾರ್ತಾಚಿತ್ರವೆಂದು ಬಲ್ಲವರು ಎಣಿಸುವುದು ಇದನ್ನೇ. ಆಳರಸರ ದೇಶದಲ್ಲಿ ಗೆದ್ದು ಬಂದ ನಮ್ಮವನೊಬ್ಬನನ್ನು ನಮ್ಮವನೇ ಚಿತ್ರಿಸಿದನೆಂಬುದು ಸಣ್ಣ ಮಾತಲ್ಲ. 1903ರ ದಿಲ್ಲಿ ದರ್ಬಾರನ್ನೂ ಅವರು ಬಿಡಲಿಲ್ಲ. ಮುಂದೆ ಕ್ಯಾಮರಾವನ್ನು ತೊರೆದು, ಬೋರಿಬಂದರಿನೆದುರಿನ ಗೇಯ್ಟಿ ಥಿಯೇಟರಿನ ಆಡಳಿತ ವಹಿಸಿದರು.

ಆ ಚಿತ್ರಗಳಾವುವೂ ಇಂದು ಉಳಿದಿಲ್ಲ. ಪರಾಂಜಪೆಯವರ ಚರಿತ್ರೆ ಗ್ರಂಥಗಳಲ್ಲಿದೆ. ಆ ಜಟ್ಟಿಗಳಿಬ್ಬರ ಹೆಸರನ್ನು ಇಂದು ಯಾರಾದರೂ ಎತ್ತುವರೆಂದರೆ, ಅದು ಸಾವೆದಾದಾ ಅಂದು ಕ್ಯಾಮರಾ ಹೊತ್ತು ಗುಡ್ಡವೇರಿದುದರಿಂದಲೇ.

1958ರಲ್ಲಿ, ತೊಂಬತ್ತರ ಹೊಸ್ತಿಲಲ್ಲಿ, ಅವರು ತೀರಿಕೊಂಡರು. ಆ ವೇಳೆಗೆ ದೇಶದ ಚಿತ್ರಮಂದಿರಗಳಲ್ಲಿ ಮುಖ್ಯಚಿತ್ರಕ್ಕೆ ಮುನ್ನ ಸರಕಾರದ ಫಿಲ್ಮ್ಸ್ ಡಿವಿಜನ್ನಿನ ವಾರ್ತಾಚಿತ್ರ ಓಡುತ್ತಿತ್ತು. ಪ್ರೇಕ್ಷಕರು ಶೇಂಗಾ ಸುಲಿಯುತ್ತ ಅದು ಮುಗಿಯುವುದನ್ನೇ ಕಾಯುತ್ತಿದ್ದರು.