ರೋಗಿಷ್ಠ ಹುಡುಗ ಕರಾಟೆ ಗುರುವಾದ ಕಥೆ: ಗಿಚಿನ್ ಫುನಾಕೋಶಿ

ಈ ಮಗು ಹೆಚ್ಚು ಕಾಲ ಬದುಕಲಾರದೆಂದು ಮನೆಯ ಹಿರಿಯರೇ ತಿಳಿದಿದ್ದರು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಆಗಾಗ ಕಾಯಿಲೆ. ಬೆಳೆದದ್ದು ತಾಯಿಯ ತವರಿನಲ್ಲಿ, ಅಜ್ಜ-ಅಜ್ಜಿಯ ಆರೈಕೆಯಲ್ಲಿ. ಆದರೆ ಆ ಮಗು 88 ವರ್ಷ ಬದುಕಿತು. ಇಂದು ಹಳ್ಳಿ ಶಾಲೆಗಳ ಅಂಗಳದಲ್ಲೂ ಮಕ್ಕಳು ಬಿಳಿ ಉಡುಪು ತೊಟ್ಟು ಕಲಿಯುವ ಕರಾಟೆಯನ್ನು ಓಕಿನಾವಾ ದ್ವೀಪದಿಂದ ಜಪಾನಿನ ಮುಖ್ಯನಾಡಿಗೆ ಒಯ್ದವರಲ್ಲಿ ಮೊದಲ ಸಾಲಿನ ಹೆಸರು ಅವರದು: ಗಿಚಿನ್ ಫುನಾಕೋಶಿ.

ಅವರು ಹುಟ್ಟಿದ್ದು 1868ರಲ್ಲಿ, ಓಕಿನಾವಾದ ಶುರಿ ಪಟ್ಟಣದಲ್ಲಿ. ಆಗ ಅದು ರ್‍ಯುಕ್ಯೂ ಎಂಬ ಪುಟ್ಟ ರಾಜ್ಯದ ರಾಜಧಾನಿ. 1879ರಲ್ಲಿ ಜಪಾನ್ ಆ ರಾಜ್ಯವನ್ನು ತನ್ನೊಳಗೆ ಸೇರಿಸಿಕೊಂಡಿತು. ಮನೆಯಲ್ಲಿ ಓಕಿನಾವಾದ ನುಡಿ, ಶಾಲೆಯಲ್ಲಿ ಜಪಾನಿ. ಎರಡು ಭಾಷೆಗಳ ನಡುವೆ ಬೆಳೆಯುವುದೆಂದರೇನು ಎಂದು ಗಡಿನಾಡಿನವರಿಗೆ ಬೇರೆ ಹೇಳಬೇಕಿಲ್ಲ.

ಶಾಲೆಯಲ್ಲಿ ಗಿಚಿನ್‌ಗೆ ಒಬ್ಬ ಗೆಳೆಯನಿದ್ದ. ಅವನ ತಂದೆ ಅಂಕೋ ಅಝಾತೊ ದೊಡ್ಡ ಕರಾಟೆ ಪಟು. ಆ ಕಾಲದಲ್ಲಿ ಈ ವಿದ್ಯೆಯನ್ನು ಬಹಿರಂಗವಾಗಿ ಕಲಿಸುತ್ತಿರಲಿಲ್ಲ. ಹಾಗಾಗಿ ಹುಡುಗ ರಾತ್ರಿ ಲಾಟೀನು ಹಿಡಿದು ಗುರುವಿನ ಮನೆಗೆ ನಡೆದು, ಬೆಳಗಾಗುವ ಹೊತ್ತಿಗೆ ಮರಳುತ್ತಿದ್ದ. ದೊಡ್ಡವನಾದ ಮೇಲೂ ಇದೇ ಕ್ರಮ. ನೆರೆಹೊರೆಯವರು ಈತ ವೇಶ್ಯೆಯರ ಮನೆಗೆ ಹೋಗುತ್ತಾನೆಂದು ಗುಸುಗುಸು ಮಾಡಿದ್ದೂ ಉಂಟು!

ಅಝಾತೊ ಹೊಗಳುವ ಗುರುವಲ್ಲ. ಜಗಲಿಯಲ್ಲಿ ಕುಳಿತು ಒಂದೇ ಕಟಾವನ್ನು ಮತ್ತೆ ಮತ್ತೆ ಮಾಡಿಸುತ್ತಿದ್ದರು, ತಿಂಗಳುಗಟ್ಟಲೆ. ಕಟಾ ಎಂದರೆ ಎದುರಾಳಿ ಇದ್ದಾನೆಂದು ಭಾವಿಸಿ ಒಬ್ಬರೇ ಮಾಡುವ ಹೆಜ್ಜೆ, ಹೊಡೆತ, ತಡೆಗಳ ಗೊತ್ತುಪಡಿಸಿದ ಸರಣಿ. ಕಳರಿಯ ಮೆಯ್ಪಯಟ್ಟು ಕಂಡವರಿಗೆ ಇದು ಬೇಗ ಅರ್ಥವಾದೀತು. ಇನ್ನೊಬ್ಬ ಗುರು ಅಂಕೋ ಇತೋಸು ಅವರಲ್ಲಂತೂ ಮೂರು ಕಟಾ ಕಲಿಯಲು ಹತ್ತು ವರ್ಷ ಹಿಡಿಯಿತು. ಬೇಸರದ ಕೆಲಸವೇ ಸರಿ. ಆದರೆ ಒಂದೆರಡು ವರ್ಷಗಳಲ್ಲೇ ಹುಡುಗನ ಮೈ ಬದಲಾಯಿತು, ಗಿಡಮೂಲಿಕೆ ಔಷಧಿಯ ಅಗತ್ಯ ತಗ್ಗಿತು. ಗಿಚಿನ್ ಕರಾಟೆಯನ್ನು ಕೊನೆಯವರೆಗೂ ಬಿಡದೆ ಇರಲು ಈ ಅನುಭವವೇ ಮೊದಲ ಕಾರಣ. ಹೊಡೆದಾಟದ ಆಸೆ ಅವರಿಗೆ ಎಂದೂ ಇರಲಿಲ್ಲ.

ವೈದ್ಯನಾಗಬೇಕೆಂಬ ಆಸೆ ಮಾತ್ರ ಇತ್ತು. ಟೋಕಿಯೊದ ವೈದ್ಯ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಉತ್ತೀರ್ಣರೂ ಆದರು. ಅಲ್ಲಿ ಓದಬೇಕಾದರೆ ಜುಟ್ಟು ಕತ್ತರಿಸಬೇಕಿತ್ತು, ಮನೆತನದವರು ಒಪ್ಪಲಿಲ್ಲ. ಕೊನೆಗೆ 1888ರಲ್ಲಿ ಪ್ರಾಥಮಿಕ ಶಾಲೆಯ ಸಹಾಯಕ ಶಿಕ್ಷಕನಾಗಲು ಜುಟ್ಟು ತೆಗೆದೇಬಿಟ್ಟರು. ತಂದೆ ಕೆಂಡಾಮಂಡಲ. ತಾಯಿ ಮಗನ ಮುಖ ನೋಡದೆ ಹಿತ್ತಿಲ ಬಾಗಿಲಿನಿಂದ ತವರಿಗೆ ಹೊರಟುಹೋದರು. ಮುಂದೆ 30 ವರ್ಷಕ್ಕೂ ಹೆಚ್ಚು ಕಾಲ ಗಿಚಿನ್ ಮಾಸ್ತರರಾಗಿಯೇ ಇದ್ದರು. ಹಗಲು ಪಾಠ, ರಾತ್ರಿ ಅಭ್ಯಾಸ. ಸಂಬಳ ಸಾಲದು; ಪತ್ನಿ ತರಕಾರಿ ಬೆಳೆದು, ರಾತ್ರಿ ಬಟ್ಟೆ ನೇಯ್ದು ಸಂಸಾರ ನಡೆಸಿದರು. ಗಂಡನ ಅಭ್ಯಾಸ ನೋಡಿ ನೋಡಿಯೇ ಆಕೆಗೂ ಕರಾಟೆ ಕೈವಶವಾಯಿತು.

ಒಮ್ಮೆ ಚಂಡಮಾರುತ ಬೀಸುವಾಗ ಈ ಮಾಸ್ತರರು ಮನೆಯ ಮಾಡು ಹತ್ತಿ, ಚಾಪೆಯನ್ನು ಗಾಳಿಗೆ ಎದುರಾಗಿ ಹಿಡಿದು, ಕುದುರೆ ಸವಾರನಂತೆ ಮೊಣಕಾಲು ಬಾಗಿಸಿ ನಿಂತಿದ್ದರಂತೆ. ಗಾಳಿ ಕೆಡವಿತು, ಕೆಸರಲ್ಲಿ ಬಿದ್ದರು, ಮತ್ತೆ ಹತ್ತಿದರು. ಇದನ್ನು ಯಾರೂ ಅನುಕರಿಸಬೇಕಿಲ್ಲ!

1900ರ ನಂತರ ಇತೋಸು ಕರಾಟೆಯನ್ನು ಓಕಿನಾವಾದ ಶಾಲೆಗಳೊಳಗೆ ತಂದರು. ಗುಟ್ಟಿನ ವಿದ್ಯೆ ವ್ಯಾಯಾಮವಾಯಿತು. 1921ರಲ್ಲಿ ಯುವರಾಜ ಹಿರೋಹಿತೊ ಯುರೋಪಿಗೆ ಹೋಗುವ ದಾರಿಯಲ್ಲಿ ಓಕಿನಾವಾಕ್ಕೆ ಬಂದಾಗ ಶುರಿ ಅರಮನೆಯಲ್ಲಿ ಪ್ರದರ್ಶನ ನಡೆಸಿಕೊಟ್ಟವರು ಫುನಾಕೋಶಿ. ಮರುವರ್ಷ ಟೋಕಿಯೊದ ಪ್ರದರ್ಶನಕ್ಕೆ ಹೋದರು. ಜೂಡೋ ಪಿತಾಮಹ ಜಿಗೊರೊ ಕಾನೊ ತಮ್ಮ ಕೊಡೊಕಾನ್‌ಗೆ ಕರೆಸಿಕೊಂಡು ಕಲಿಸಿಕೊಡುವಂತೆ ಕೇಳಿದರು. ಬೇಗ ಮರಳಬೇಕೆಂದಿದ್ದವರು ಅಲ್ಲೇ ಉಳಿದರು. ಆಗ ವಯಸ್ಸು 53.

ಆ ವಯಸ್ಸಿನಲ್ಲಿ ಪರವೂರಿನ ಬಾಳು ಸುಲಭವಲ್ಲ. ಓಕಿನಾವಾದ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಸಣ್ಣ ಕೋಣೆ ಸಿಕ್ಕಿತು. ಪ್ರತಿಯಾಗಿ ಅವರೇ ಕಾವಲುಗಾರ, ತೋಟಗಾರ, ಕೋಣೆ ಗುಡಿಸುವ ಆಳು. ಅಡುಗೆಯವನಿಗೆ ಕರಾಟೆ ಕಲಿಸಿ ಊಟದ ದರದಲ್ಲಿ ರಿಯಾಯಿತಿ ಪಡೆದರು. ಹಳೆಯ ಟೋಪಿ ಮತ್ತು ಊರಿನ ಕೈಮಗ್ಗದ ಬಟ್ಟೆಯನ್ನು ಗಿರವಿ ಅಂಗಡಿಗೆ ಒಯ್ದಾಗ ಬೆಲೆಗಿಂತ ಹೆಚ್ಚು ಹಣ ಸಿಕ್ಕಿತು. ಅಂಗಡಿಯ ನೌಕರನ ತಮ್ಮ ಇವರ ಶಿಷ್ಯನೆಂದು ತಿಳಿದದ್ದು ಆಮೇಲೆ. 1923ರ ಭೂಕಂಪದಲ್ಲಿ ಮೊದಲ ಪುಸ್ತಕದ ಅಚ್ಚಿನ ಪಡಿಯಚ್ಚುಗಳೂ ನಾಶವಾದವು. ಆದರೂ 1924ರಲ್ಲಿ ಕೇಯೊ ವಿಶ್ವವಿದ್ಯಾಲಯದಲ್ಲಿ ಕರಾಟೆ ಸಂಘ ಹುಟ್ಟಿತು, ಬೇರೆ ವಿಶ್ವವಿದ್ಯಾಲಯಗಳೂ ಹಿಂಬಾಲಿಸಿದವು.

ಟೋಕಿಯೊದವರಿಗೆ ಓಕಿನಾವಾದ ಹೆಸರುಗಳು ನಾಲಗೆಗೆ ಹೊರಳುತ್ತಿರಲಿಲ್ಲ. ನೈಹಾಂಚಿ ಕಟಾ ತೆಕ್ಕಿ ಆಯಿತು, ಪಿನಾನ್ ಹೇಯಾನ್ ಆಯಿತು. 'ಚೀನಾದ ಕೈ' ಎಂದು ಅರ್ಥ ಬರುತ್ತಿದ್ದ ಅಕ್ಷರವನ್ನು ತೆಗೆದು 'ಬರಿಗೈ' ಎಂಬ ಅರ್ಥದ ಅಕ್ಷರ ಬರೆದರು. ತವರಿನಲ್ಲಿ ಕೆಲವರು ಸಿಟ್ಟಾದರು. ವಿದ್ಯೆ ಉಳಿಯಲು ಹೆಸರು ಬಿಡಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಳೆಯ ಹೆಸರಿನೊಡನೆ ಅದು ಅಷ್ಟು ದೂರ ಹೋಗುತ್ತಿತ್ತೇ ಎಂಬುದೂ ಸಂಶಯ.

ಹೆಂಗಸರು, ಮಕ್ಕಳು, ಮುದುಕರು ಯಾರೂ ಕರಾಟೆ ಮಾಡಬಹುದೆಂದು ಅವರು ತಮ್ಮ ಪುಸ್ತಕಗಳಲ್ಲಿ ಸಾರಿದರು. ಜೊತೆಗಾರ ಬೇಡ, ಸಾಮಾನು ಬೇಡ, ಅಂಗಳದಷ್ಟು ಜಾಗ ಸಾಕು. ಶಕ್ತಿ ಎಷ್ಟಿದೆಯೋ ಅಷ್ಟೇ ಬಳಸಿದರಾಯಿತು. ಮೊಣಕಾಲು ಬಾಗಿಸಿ ಹೆಜ್ಜೆಯಿಡುವಾಗ ತೊಡೆ, ಸೊಂಟ ಗಟ್ಟಿಯಾಗುತ್ತವೆ. ದಿಕ್ಕು ಬದಲಿಸಿ ತಿರುಗುವಾಗ ತೋಲನ ಪಳಗುತ್ತದೆ. ಉಸಿರು ಹದಕ್ಕೆ ಬರುತ್ತದೆ. ಸರಣಿ ನೆನಪಿಡಲು ಮನಸ್ಸಿಗೂ ಕೆಲಸ. ವಯಸ್ಸಾದವರಿಗೆ ಬೀಳುವ ಭಯವೇ ದೊಡ್ಡದು. ಅಂಥವರಿಗೆ ಹೊಡೆತಕ್ಕಿಂತ ಕಾಲಿನ ಹಿಡಿತ ಮುಖ್ಯ. ಮೊಣಕಾಲು ನೋವು, ರಕ್ತದೊತ್ತಡ ಇದ್ದವರು ವೈದ್ಯರನ್ನು ಕೇಳಿ, ಎತ್ತರದ ನಿಲುವಿನಲ್ಲಿ ನಿಧಾನವಾಗಿ ಶುರುಮಾಡಬೇಕು.

1930ರ ದಶಕದಲ್ಲಿ ಶಿಷ್ಯರು ಹಣ ಕೂಡಿಸಿ ಗುರುವಿಗೆ ಶೊತೊಕಾನ್ ಎಂಬ ಅಭ್ಯಾಸ ಮಂದಿರ ಕಟ್ಟಿಸಿಕೊಟ್ಟರು. ಶೊತೊ ಅವರ ಕಾವ್ಯನಾಮ; ಪೈನ್ ಮರಗಳ ಅಲೆಸದ್ದು ಎಂದರ್ಥ. 1945ರಲ್ಲಿ ಅದು ಬಾಂಬ್ ದಾಳಿಗೆ ಬೂದಿಯಾಯಿತು. ಅದೇ ವರ್ಷ ಜೊತೆಗೆ ಕಲಿಸುತ್ತಿದ್ದ ಮಗ ಗಿಗೊ ತೀರಿಕೊಂಡ. ಕ್ಷಯರೋಗ ಅವನನ್ನು ಬಹುಕಾಲದಿಂದ ಕಾಡಿತ್ತು. ಕರಾಟೆ ಎಲ್ಲವನ್ನೂ ಗುಣಪಡಿಸುವ ಮದ್ದಲ್ಲ. ಯುದ್ಧದಲ್ಲಿ ನೆಲೆ ಕಳೆದುಕೊಂಡು ಕ್ಯುಶುವಿನ ಓಯಿತಾಕ್ಕೆ ಬಂದಿದ್ದ ಪತ್ನಿಯ ಬಳಿ ಹೋಗಿ ಉಳಿದರು. 1947ರಲ್ಲಿ ಆಕೆಯೂ ಹೋದರು. ಸುಮಾರು 80ರ ಮುದುಕ ಟೋಕಿಯೊಗೆ ಮರಳಿ ಮತ್ತೆ ಕಲಿಸತೊಡಗಿದರು.

ಯುದ್ಧ ಮುಗಿದ ಆ ಬರಗಾಲದ ದಿನಗಳಲ್ಲಿ ಕವಿಗೋಷ್ಠಿಯಿಂದ ರಾತ್ರಿ ಮನೆಗೆ ಬರುವಾಗ ಕಳ್ಳನೊಬ್ಬ ಅಡ್ಡಗಟ್ಟಿದ. ಅವನು ಬೀಸಿದ ಕೊಡೆಯಿಂದ ತಪ್ಪಿಸಿಕೊಂಡ ಫುನಾಕೋಶಿ ಅವನ ಮರ್ಮಾಂಗವನ್ನೇ ಹಿಡಿದುಬಿಟ್ಟರು. ಅಷ್ಟರಲ್ಲಿ ಬಂದ ಪೊಲೀಸನಿಗೆ ಒಪ್ಪಿಸಿದ್ದೂ ಆಯಿತು. ಬೇರೆಯವರಾಗಿದ್ದರೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಫುನಾಕೋಶಿ ನಾಚಿಕೊಂಡರು. ಯುದ್ಧದಿಂದ ಬರಿಗೈಯಲ್ಲಿ ಮರಳಿದ ಸೈನಿಕನಿರಬೇಕು, ಹಸಿವಿಗೆ ಹೀಗೆ ಮಾಡಿದ್ದಾನೆ, ಶಿಷ್ಯರಿಗೆ ಬೇಡವೆಂದದ್ದನ್ನು ತಾನೇ ಮಾಡಿದೆನಲ್ಲ ಎಂದು ಕೊರಗಿದರು.

1957ರ ಏಪ್ರಿಲ್ 26ರಂದು ಅವರು ತೀರಿಕೊಂಡರು. ಕರಾಟೆ ಪಂದ್ಯಾಟಗಳನ್ನು ಅವರು ಇಷ್ಟಪಟ್ಟವರಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಅಖಿಲ ಜಪಾನ್ ಚಾಂಪಿಯನ್‌ಶಿಪ್ ನಡೆಯಿತು. ಕರಾಟೆ ಒಲಿಂಪಿಕ್ಸ್ ಸೇರಿದ್ದು 2021ರಲ್ಲಿ, ಟೋಕಿಯೊದಲ್ಲೇ; 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ. ಟೋಕಿಯೊದಲ್ಲಿ ಪುರುಷರ ಕಟಾ ವಿಭಾಗದ ಚಿನ್ನ ಗೆದ್ದವರು ರ್‍ಯೊ ಕಿಯುನಾ, ಓಕಿನಾವಾದವರು. ಆ ವಿಭಾಗದಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ.